ಕುಟ್ಟು ಅಂದರೆ ಹೊಲಿ: ಜೀನ್ಸ್ ಯೂನಿಟ್ಟಿನಲ್ಲಿ ನಾನು ಕಲೆಹಾಕಿದ ಪದಗಳು

ಒಂದೇ ಮಧ್ಯಾಹ್ನದಲ್ಲಿ 40 ಜೀನ್ಸ್ ಪ್ಯಾಂಟಿನ ಮುಂಭಾಗ ಹಾಳಾದವು. ಕಾರಣ ನಾನು ಆಡಿದ ಒಂದು ಮಾತು.

ಬಳ್ಳಾರಿಯ ಕೌಲ್ ಬಜಾರ್ ಕಡೆ ನಮ್ಮದೊಂದು ಸಣ್ಣ ಯೂನಿಟ್ ಇದೆ. 14 ಮಿಷಿನ್. ಕಟಿಂಗ್ ಆದ ಬಟ್ಟೆ ನಮ್ಮಲ್ಲಿಗೆ ಬರುತ್ತದೆ. ಹೊಲಿದು ವಾಷಿಂಗಿಗೆ ಕಳಿಸುತ್ತೇವೆ. ಅವತ್ತು ಮುಂಭಾಗದ ಎಡ, ಬಲ ತುಂಡುಗಳು ಬೆರೆತುಹೋಗಿದ್ದವು. ಹೊಸದಾಗಿ ಸೇರಿದ ಹುಡುಗನಿಗೆ "ಇವನ್ನ ಜೋಡಿಸಿ ಇಡಪ್ಪಾ" ಅಂದು ಊಟಕ್ಕೆ ಹೋದೆ. ಎಡದ ಮೇಲೆ ಬಲ ಇಟ್ಟು, ಜೋಡಿ ಜೋಡಿ ಮಾಡಿ ಪೇರಿಸು ಅನ್ನುವುದು ನನ್ನ ಮಾತಿನ ಅರ್ಥ. ಹುಡುಗ ಬಿಹಾರದವನು. ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಅವನ ಹಿಂದಿಯಲ್ಲಿ ಜೋಡ್‌ನಾ ಅಂದರೆ ಸೇರಿಸಿಬಿಡುವುದು. ನಾನು ಬರುವಷ್ಟರಲ್ಲಿ ಎರಡೆರಡು ತುಂಡು ಓವರ್‌ಲಾಕ್ ಮಿಷಿನ್ನಿಗೆ ಕೊಟ್ಟು, ಹೊಲಿದು, ನೀಟಾಗಿ ಪೇರಿಸಿಟ್ಟಿದ್ದ. ಜಿಪ್ ಇನ್ನೂ ಕೂಡಿಸಿರಲಿಲ್ಲ.

ಸಾದಾ ಹೊಲಿಗೆ ಆಗಿದ್ದರೆ ಬಿಚ್ಚಬಹುದಿತ್ತು. ಓವರ್‌ಲಾಕ್ ಹಾಗಲ್ಲ. ಅದರಲ್ಲಿ ಒಂದು ಸಣ್ಣ ಬ್ಲೇಡ್ ಇರುತ್ತದೆ. ಹೊಲಿಯುತ್ತಲೇ ಬಟ್ಟೆಯ ಅಂಚನ್ನು ಕತ್ತರಿಸಿಕೊಂಡು ಹೋಗುತ್ತದೆ. ದಾರ ಬಿಚ್ಚಿದರೂ ಹೋದ ಬಟ್ಟೆ ವಾಪಸ್ ಬರುವುದಿಲ್ಲ.

ಹುಡುಗ ಹೆದರಿ ನಿಂತಿದ್ದ. ಅವನು ಮಾತು ಮೀರಿರಲಿಲ್ಲ. ನಾನು ಹೇಳಿದ್ದನ್ನೇ ಮಾಡಿದ್ದ. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಷ್ಟದ ಚಿಂತೆ ಒಂದು. ಅದಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು. ದಿನಾ ಹತ್ತು ತಾಸು ಒಂದೇ ಸೂರಿನ ಕೆಳಗೆ ಒಂದೇ ಕೆಲಸ ಮಾಡುವ ನಮಗೆ, ಆ ಕೆಲಸದ ಹೆಸರುಗಳೇ ಒಬ್ಬರದು ಒಬ್ಬರಿಗೆ ಗೊತ್ತಿಲ್ಲ. ಮರುದಿನ ಹಳೇ ಲೆಡ್ಜರ್ ಒಂದನ್ನು ಮನೆಯಿಂದ ತಂದೆ. ಅದು ಈಗ ನಮ್ಮ ಪದಗಳ ಪುಸ್ತಕ.

ನಮ್ಮ ಯೂನಿಟ್ಟಿನ ಬಾಯಿಗಳನ್ನು ಮೊದಲು ಹೇಳಬೇಕು. ನಾನು ಕುರುಗೋಡು ಕಡೆಯವಳು, ಕನ್ನಡ. ಡಬಲ್ ಹೊಲಿಗೆ ಹಾಕುವ ಅಕ್ಕ ರಾಯದುರ್ಗದವರು, ತೆಲುಗು. ಬೆಲ್ಟ್ ಮಿಷಿನ್ ಮೇಲೆ ಕೂಡುವ ಚಾಚಾ ಇಲ್ಲೇ ಹುಟ್ಟಿ ಬೆಳೆದವರು, ದಖ್ಖನಿ ಉರ್ದು. ಕಟಿಂಗ್ ಮಾಸ್ಟರ್ ಕಾಕಾ ಅವರ ಮನೆಮಾತು ಮರಾಠಿ. ಅವರ ಹಿರಿಯರು ಇಲ್ಲಿನ ಕಂಟೋನ್ಮೆಂಟಿನ ಸಿಪಾಯಿಗಳಿಗೆ ಸಮವಸ್ತ್ರ ಹೊಲಿಯಲು ಬಂದವರಂತೆ. ದಾರ ಕತ್ತರಿಸುವ ಕೆಲಸಕ್ಕೆ ಸಂಡೂರು ಕಡೆಯ ಲಂಬಾಣಿ ಅಕ್ಕ ಒಬ್ಬರು ಬರುತ್ತಾರೆ. ಬಳ್ಳಾರಿಗೆ ಇದು ಹೊಸದೇನಲ್ಲ. 1953ರ ಅಕ್ಟೋಬರ್ 1ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಆ ದಿನ ನಾವು ಮೈಸೂರಿಗೆ ಬಂದೆವು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಗಡಿ ಬಂದರೂ ರಾಯದುರ್ಗದವರು ಬಳ್ಳಾರಿಗೆ ಬರುವುದು ನಿಲ್ಲಲಿಲ್ಲ.

ಮೊದಲ ವಾರ ನಾನು ತಪ್ಪು ದಾರಿ ಹಿಡಿದೆ. ಕನ್ನಡದಲ್ಲಿ ಪಟ್ಟಿ ಬರೆದುಕೊಂಡೆ. ಹೊಲಿ, ಕೂಡಿಸು, ಕಟ್ಟು, ಅಂಟಿಸು, ಹೆಣೆ, ಪೋಣಿಸು. ಚಹಾ ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಕೂಡಿಸಿಕೊಂಡು "ಇದಕ್ಕೆ ನಿಮ್ಮಲ್ಲಿ ಏನಂತಾರೆ?" ಅಂತ ಕೇಳಿದೆ. ರಾಯದುರ್ಗದ ಅಕ್ಕ ಅರ್ಧಕ್ಕೆ ಕುಟ್ಟು ಅಂದರು, ಉಳಿದರ್ಧಕ್ಕೆ ಕಲುಪು ಅಂದರು. ಚಾಚಾ ಎಲ್ಲಕ್ಕೂ ಸಿಲಾಯಿ ಅಂದರು. ಪುಟ ತುಂಬಿತು. ಆದರೆ ಅದರಲ್ಲಿ ಹುರುಳಿರಲಿಲ್ಲ.

ಆಮೇಲೆ ಒಂದು ದಿನ ಅಕ್ಕ ತಮ್ಮ ಪಾಡಿಗೆ ಹರಿದ ಜೇಬಿಗೆ ತುಂಡು ಹಚ್ಚುತ್ತಾ ಪಕ್ಕದವಳಿಗೆ ಏನೋ ಹೇಳುತ್ತಿದ್ದರು. ಅದರಲ್ಲಿ ಅತುಕು ಅನ್ನುವ ಮಾತು ಬಂತು. ನನ್ನ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಕೇಳಿದಾಗ ನೆನಪಾಗದ ಪದ, ಕೈ ಕೆಲಸ ಮಾಡುವಾಗ ತಾನಾಗಿ ಬಂದಿತ್ತು. ಅವತ್ತಿಂದ ಪಟ್ಟಿ ಬಿಟ್ಟೆ. ಎರಡು ತುಂಡು ಬಟ್ಟೆ ಕೈಗೆ ಕೊಡುತ್ತೇನೆ. "ಮಾಡುತ್ತಾ ಮಾಡುತ್ತಾ ನಿಮ್ಮ ಮನೆಯವರಿಗೆ ಹೇಳಿಕೊಟ್ಟ ಹಾಗೆ ಹೇಳಿ" ಅನ್ನುತ್ತೇನೆ. ಆಮೇಲೆ ಸುಮ್ನೆ ಕೂತಿರುತ್ತೇನೆ. ಬಂದ ಪದವನ್ನು ಆಗಲೇ ಮಾರ್ಕಿಂಗ್ ಚಾಕಿನಿಂದ ಆ ಬಟ್ಟೆಯ ಮೇಲೇ ಬರೆಯುತ್ತೇನೆ. ಸಂಜೆ ಆ ತುಂಡನ್ನೇ ಲೆಡ್ಜರಿಗೆ ಅಂಟಿಸಿ, ಪಕ್ಕದಲ್ಲಿ ಪೆನ್ನಿನಿಂದ ಬರೆಯುತ್ತೇನೆ. ಅರ್ಥ ಬರೆಯುವುದಿಲ್ಲ. ಹೊಲಿಗೆಯೇ ಅರ್ಥ. ಓದಲು ಬಾರದವರೂ ಬೆರಳಾಡಿಸಿ ಇದು ಯಾವುದು ಅಂತ ಹೇಳಬಲ್ಲರು.

ಕುಟ್ಟು ಅನ್ನುವ ಪದಕ್ಕೆ ಒಂದು ಇಡೀ ಪುಟ ಹೋಯಿತು. ಜೀನ್ಸ್ ಬಟ್ಟೆ ದಪ್ಪ. ನಾಲ್ಕಾರು ಪದರ ಒಂದರ ಮೇಲೊಂದು ಬಂದ ಕಡೆ ಸೂಜಿ ಇಳಿಯದೆ ಮುರಿಯುತ್ತದೆ. ಅಂಥ ಕಡೆ ನಾವು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ ಆಮೇಲೆ ಹೊಲಿಯುತ್ತೇವೆ. ಒಮ್ಮೆ ಅಕ್ಕ ಒಂದು ಕಾಲಿನ ತುದಿ ತೋರಿಸಿ "ಇದಿ ಕುಟ್ಟು" ಅಂದರು. ನಮ್ಮ ಕನ್ನಡದ ಹುಡುಗಿ ಸುತ್ತಿಗೆ ತೆಗೆದುಕೊಂಡು ಚೆನ್ನಾಗಿ ಕುಟ್ಟಿದಳು. ನಮಗೆ ಕುಟ್ಟುವುದು ಅಂದರೆ ಅವಲಕ್ಕಿ ಕುಟ್ಟುವುದು, ಖಾರ ಕುಟ್ಟುವುದು. ತೆಲುಗಿನಲ್ಲಿ ಕುಟ್ಟು ಅಂದರೆ ಹೊಲಿ. ಆದರೆ ಅಷ್ಟೇ ಅಲ್ಲ. ಚೇಳು ಕಚ್ಚಿದರೂ ಅವರು ಕುಟ್ಟಿತು ಅನ್ನುತ್ತಾರೆ. ಮಗುವಿನ ಕಿವಿ ಚುಚ್ಚಿಸುವುದಕ್ಕೂ ಅದೇ ಪದ. ಅಂದರೆ ಅವರ ಹೊಲಿಗೆಯ ಒಳಗೆ ಚುಚ್ಚುವುದು ಇದೆ.

ಇದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಪ್ಯಾಂಟ್ ಸಣ್ಣ ಮಾಡಿಸಲು ಬರುವ ಕನ್ನಡ ಮೇಷ್ಟ್ರು ಒಬ್ಬರಿದ್ದಾರೆ. ಅವರಿಗೆ ಹೇಳಿದೆ. ತಮಿಳಿನಲ್ಲೂ ಹಾಗೇ ಇದೆ ಅಂದರು. ಅಲ್ಲಿ ಹೊಲಿಯುವುದಕ್ಕೆ ತೈ ಅನ್ನುತ್ತಾರೆ, ಹೊಲಿಗೆಗೆ ತೈಯಲ್. ಕಾಲಿಗೆ ಮುಳ್ಳು ಚುಚ್ಚಿದರೂ ಅದೇ ತೈ. ಸಂಸ್ಕೃತದಲ್ಲಿ ದರ್ಜಿಗೆ ತುನ್ನವಾಯ ಅನ್ನುವ ಹೆಸರಿದೆ. ತುನ್ನ ಅಂದರೆ ಚುಚ್ಚಿದ್ದು. ಚುಚ್ಚದೆ ಹೊಲಿಯಲು ಆಗುವುದಿಲ್ಲ ಅಲ್ವಾ? ಬಟ್ಟೆಗೆ ಸಾವಿರ ತೂತು ಮಾಡಿಯೇ ಅದನ್ನು ಗಟ್ಟಿ ಮಾಡುತ್ತೇವೆ. 20 ವರ್ಷದಿಂದ ಸೂಜಿ ಹಿಡಿದಿದ್ದೇನೆ. ನಾನು ಇದನ್ನು ಹೀಗೆ ನೋಡಿರಲೇ ಇಲ್ಲ.

ನಮ್ಮ ಹೊಲಿ ಅನ್ನುವ ಪದಕ್ಕೆ ಹಳಗನ್ನಡದಲ್ಲಿ ಪೊಲಿ ಅನ್ನುತ್ತಿದ್ದರಂತೆ. ಪಾಲು ಹಾಲಾದ ಹಾಗೆ ಪೊಲಿ ಹೊಲಿ ಆಯಿತು. ಮೇಷ್ಟ್ರು ಒಂದು ಸಲ ಕಿಟ್ಟೆಲ್ ನಿಘಂಟನ್ನೇ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ಕಟಿಂಗ್ ಟೇಬಲ್ಲಿನ ಮೇಲೆ ಅದನ್ನು ಬಿಚ್ಚಿಟ್ಟು ಇಡೀ ಸಂಜೆ ಕೂತಿದ್ದೆವು. ಕಾಕಾ ಕೂಡ ಕತ್ತರಿ ಕೆಳಗಿಟ್ಟು ಬಂದರು.

ಹಿಂದಿಯ ಸೀನಾ, ಸಿಲಾಯಿ, ಮರಾಠಿಯ ಶಿವಣೆ, ಇವೆಲ್ಲ ಸಂಸ್ಕೃತದ ಸಿವ್ ಅನ್ನುವ ಧಾತುವಿನ ಮಕ್ಕಳು. ಇಂಗ್ಲಿಷಿನ ಸ್ಯೂ ಅದೇ ಕುಲದ್ದು. ಲ್ಯಾಟಿನ್ನಿನ ಸುಯೆರೆ ಕೂಡ. ಡಾಕ್ಟರು ಗಾಯಕ್ಕೆ ಹಾಕುವ ಸೂಚರ್ ಬಂದದ್ದು ಅಲ್ಲಿಂದ. ನಾವು ಗಾಯಕ್ಕೂ ಹೊಲಿಗೆ ಅಂತಲೇ ಅನ್ನುತ್ತೇವೆ, ತೆಲುಗಿನವರು ಕುಟ್ಲು ಅನ್ನುತ್ತಾರೆ. ಬಟ್ಟೆಗೊಂದು, ಮೈಗೊಂದು ಅಂತ ನಾವಿಬ್ಬರೂ ಬೇರೆ ಪದ ಇಟ್ಟುಕೊಂಡಿಲ್ಲ.

ಉರ್ದುವಿನ ಟಾಂಕಾ, ಮರಾಠಿಯ ಟಾಕಾ ಬಂದಾಗ ಇನ್ನೊಂದು ಬಾಗಿಲು ತೆರೆಯಿತು. ಟಾಂಕಾ ಅಂದರೆ ಸೂಜಿ ಒಮ್ಮೆ ಇಳಿದು ಎದ್ದರೆ ಬೀಳುವ ಒಂದು ಹೊಲಿಗೆ. ಆದರೆ ಚಾಚಾ ಅವರ ಅಣ್ಣ ರೇಡಿಯೋ ರಿಪೇರಿ ಮಾಡುತ್ತಿದ್ದರು. ಅವರು ತಂತಿಗೆ ಸೀಸ ಕರಗಿಸಿ ಹಾಕುವುದಕ್ಕೂ ಟಾಂಕಾ ಅನ್ನುತ್ತಿದ್ದರಂತೆ. ಕನ್ನಡದಲ್ಲಿ ಇವೆರಡು ಬೇರೆ ಬೇರೆ. ಲೋಹಕ್ಕೆ ಬೆಸುಗೆ, ಬಟ್ಟೆಗೆ ಹೊಲಿಗೆ. ಬೆಸುಗೆ ಹಾಕಿದ ಮೇಲೆ ಎರಡು ತುಂಡು ಒಂದಾಗುತ್ತವೆ. ಹೊಲಿದ ಮೇಲೂ ಎರಡು ಎರಡೇ. ನಡುವೆ ದಾರ ಇರುತ್ತದೆ ಅಷ್ಟೆ. ಬೆಸುಗೆ ಅನ್ನುವ ಪದವನ್ನು ನಾವು ಪ್ರೀತಿಗೆ, ಸ್ನೇಹಕ್ಕೆ ಬಳಸುವುದು ಯಾಕೆ ಅಂತ ಆಗ ಹೊಳೆಯಿತು.

ಚಾಚಾ ಕೊಟ್ಟ ಪದಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಪೈವಂದ್. ಫಾರಸಿಯಿಂದ ಉರ್ದುವಿಗೆ ಬಂದದ್ದು. ಹರಿದ ಬಟ್ಟೆಗೆ ಹಚ್ಚುವ ತೇಪೆ ಪೈವಂದ್. ಮಾವಿನ ಗಿಡಕ್ಕೆ ಕಟ್ಟುವ ಕಸಿಯೂ ಪೈವಂದ್. ಇದನ್ನು ಹೇಳಿದಾಗ ರಾಯದುರ್ಗದ ಅಕ್ಕ ಮಿಷಿನ್ ನಿಲ್ಲಿಸಿ ಎದ್ದು ಬಂದರು. ಅವರ ತವರಿನಲ್ಲಿ ಮಾವಿನ ತೋಟ ಇದೆ. ಕಸಿಗೆ ಅವರು ಅಂಟು ಕಟ್ಟಡಂ ಅನ್ನುತ್ತಾರೆ. ನಮ್ಮ ಅಂಟು, ಅದೇ ಗೋಂದಿನ ಅಂಟು. ಒಬ್ಬರಿಗೆ ಕಸಿ ಅಂದರೆ ತೇಪೆ, ಇನ್ನೊಬ್ಬರಿಗೆ ಕಸಿ ಅಂದರೆ ಅಂಟು. ಮೂರು ಭಾಷೆ ಒಂದೇ ಮಾವಿನ ಕೊಂಬೆ ಹಿಡಿದುಕೊಂಡು ನಿಂತಹಾಗೆ ಅನ್ನಿಸಿತು. ಆ ಪುಟಕ್ಕೆ ಬಟ್ಟೆಯ ಜೊತೆ ಒಂದು ಒಣಗಿದ ಮಾವಿನ ಎಲೆಯನ್ನೂ ಅಂಟಿಸಿದ್ದೇನೆ.

ನಮ್ಮ ವೃತ್ತಿಯ ಹೆಸರುಗಳದ್ದೇ ಒಂದು ಪುಟ. ಟೇಲರ್ ಅನ್ನುವ ಇಂಗ್ಲಿಷ್ ಪದ ಹಳೆಯ ಫ್ರೆಂಚಿನಿಂದ ಬಂತು. ಅದರ ಮೂಲ ಅರ್ಥ ಕತ್ತರಿಸುವವನು. ದರ್ಜಿ ಫಾರಸಿ. ದರ್ಜ್ ಅಂದರೆ ಎರಡು ಬಟ್ಟೆ ಕೂಡುವ ಹೊಲಿಗೆಯ ಗೆರೆ. ಸಂಸ್ಕೃತದ ಸೌಚಿಕ ಸೂಜಿಯವನು. ನಮ್ಮ 12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾರೆ. ಅವರ ಹೆಸರಿನಲ್ಲೇ ಸೂಜಿ ಇದೆ, ಕಾಯಕವೂ ಇದೆ. ಇದಕ್ಕಿಂತ ಚಂದದ ಹೆಸರು ನಮ್ಮ ಕೆಲಸಕ್ಕೆ ಯಾವ ಭಾಷೆಯಲ್ಲೂ ನನಗೆ ಸಿಕ್ಕಿಲ್ಲ. ಇದೆಲ್ಲ ಓದಿ ಹೇಳಿದಾಗ ಕಾಕಾ "ಹಾಗಾದ್ರೆ ನಿಜವಾದ ಟೇಲರ್ ನಾನೇ, ನೀವೆಲ್ಲ ದರ್ಜಿಗಳು" ಅಂದರು. ಅವರ ಮರಾಠಿಯಲ್ಲಿ ದರ್ಜಿಗೆ ಶಿಂಪಿ. ನಮ್ಮ ಕಡೆ ಸಿಂಪಿಗ, ಚಿಪ್ಪಿಗ ಅನ್ನುತ್ತಿದ್ದದ್ದು ಅಜ್ಜನ ಕಾಲದವರಿಗೆ ಗೊತ್ತು.

ಜೀನ್ಸಿನ ಹಿಂಭಾಗದಲ್ಲಿ, ಬೆಲ್ಟಿನ ಕೆಳಗೆ ಒಂದು ಓರೆ ತುಂಡು ಬರುತ್ತದೆ. ಅದಕ್ಕೆ ಎಲ್ಲರೂ ಯೋಕ್ ಅನ್ನುತ್ತೇವೆ. ದಿನಕ್ಕೆ ನೂರಾರು ಯೋಕ್ ಹೊಲಿಯುತ್ತೇವೆ. ಯೋಕ್ ಅಂದರೆ ಏನು ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ಇಂಗ್ಲಿಷಿನಲ್ಲಿ ಅದು ನೊಗ. ಎರಡು ಎತ್ತಿನ ಹೆಗಲ ಮೇಲೆ ಇಡುವ ನೊಗ. ಎಡ, ಬಲ ಎರಡೂ ಭಾಗದ ಭಾರ ಅದರ ಮೇಲೆ ನಿಲ್ಲುತ್ತದೆ. ಸಂಸ್ಕೃತದ ಯುಗ, ಯೋಗ ಅದರ ಬಂಧುಗಳು. ಕೂಡಿಸುವುದು ಅನ್ನುವ ಅರ್ಥವೇ ಎಲ್ಲದರೊಳಗೂ ಇದೆ. ನಮ್ಮ ಅಪ್ಪ ಒಕ್ಕಲುತನ ಮಾಡಿದವರು. ಎತ್ತು ಹೂಡುವಾಗ ನೊಗಕ್ಕೆ ಕೈ ಮುಗಿಯುತ್ತಿದ್ದರು. ಈಗ ಯೋಕ್ ತುಂಡು ಕೈಗೆ ಬಂದರೆ ಅಪ್ಪ ನೆನಪಾಗುತ್ತಾರೆ.

ಗುಂಡಿಯ ಕಾಜ ಕೂಡ ದೂರದಿಂದ ಬಂದದ್ದು. ಪೋರ್ಚುಗೀಸರ ಕಾಸಾ, ಅಂದರೆ ಮನೆ. ಗುಂಡಿಗೊಂದು ಮನೆ. ಜಪಾನಿನವರು ಹೊಲಿಗೆ ಯಂತ್ರಕ್ಕೆ ಮಿಶಿನ್ ಅನ್ನುತ್ತಾರೆ. ಮಗಳು ಇದನ್ನು ಮೊಬೈಲಿನಲ್ಲಿ ಓದಿ ಹೇಳಿದಾಗ ಎಲ್ಲರೂ ತಮ್ಮ ತಮ್ಮ ಮಿಷಿನ್ ಕಡೆ ನೋಡಿದರು. ನಮಗೂ ಅದು ಬರೀ ಮಿಷಿನ್ನೇ.

ದಾರವೇ ಇಲ್ಲದ ಒಂದು ಕೂಡಿಕೆಯೂ ಜೀನ್ಸಿನಲ್ಲಿದೆ, ಜೇಬಿನ ಮೂಲೆಯ ರಿವೆಟ್. ಜೇಕಬ್ ಡೇವಿಸ್ ಅನ್ನುವ ದರ್ಜಿ ಅದನ್ನು ಹಚ್ಚಲು ಶುರು ಮಾಡಿದರು. 1873ರ ಮೇ 20ರಂದು ಅವರಿಗೂ ಲೆವಿ ಸ್ಟ್ರಾಸ್‌ಗೂ ಅದರ ಪೇಟೆಂಟ್ ಸಿಕ್ಕಿತು. ಹೊಲಿಗೆ ಹರಿಯುವ ಕಡೆ ತಾಮ್ರದ ಮೊಳೆ. ಅದಕ್ಕೆ ನಮ್ಮಲ್ಲಿ ಯಾರ ಬಾಯಲ್ಲೂ ಬೇರೆ ಪದವಿಲ್ಲ, ಹಾಗಾಗಿ ಆ ಪುಟ ಬೇಗ ಮುಗಿಯಿತು.

ಪುಸ್ತಕಕ್ಕೆ ಒಂದು ಹೊಸ ಕಾಲಂ ಸೇರಿದ್ದು ಮೂರನೇ ತಿಂಗಳಲ್ಲಿ. ಬಿಚ್ಚುವುದು. ಹಾಳಾದ ಆ 40 ತುಂಡು ಇನ್ನೂ ಮೂಲೆಯಲ್ಲಿ ಇದ್ದವು. ಅವನ್ನು ನೋಡುತ್ತಾ ಕೂತಾಗ ಅನ್ನಿಸಿತು, ಕೂಡಿಸುವ ಪದದ ಜೊತೆ ಅದನ್ನು ಬಿಡಿಸುವ ಪದವನ್ನೂ ಕೇಳಬೇಕು. ಹಾಗೆ ಕೇಳಿದ ಮೇಲೆ ಬಹಳ ಗೊಂದಲ ಬಗೆಹರಿಯಿತು. ಹೊಲಿಗೆ ಬಿಚ್ಚುತ್ತೇವೆ. ಗಂಟೂ ಬಿಚ್ಚುತ್ತೇವೆ. ಆದರೆ ಅಂಟಿಸಿದ್ದನ್ನು ಕೀಳುತ್ತೇವೆ. ಬೆಸುಗೆ ತಾನೇ ಬಿಡುತ್ತದೆ. ಪೋಣಿಸಿದ ಸರ ಹರಿಯುತ್ತದೆ. ಕಸಿಗೆ ಬಿಚ್ಚುವ ಪದವೇ ಇಲ್ಲ, ಅದು ಕೂಡಿದರೆ ಕೂಡಿತು. ತೆಲುಗಿನಲ್ಲಿ ಹೊಲಿಗೆ ವಿಪ್ಪು. ಹಿಂದಿಯಲ್ಲಿ ಉಧೇಡ್‌ನಾ, ಮರಾಠಿಯಲ್ಲಿ ಉಸವಣೆ. ಈ ಎರಡು ಪದ ಹೊಲಿಗೆ ಬಿಚ್ಚುವುದಕ್ಕೇ ಅಂತ ಇರುವಂಥವು. ಕನ್ನಡದಲ್ಲಿ ನಮಗೆ ಅಂಥ ಬೇರೆ ಪದ ಸಿಗಲಿಲ್ಲ. ಬಾಗಿಲಿಗೂ ಬಿಚ್ಚು, ಮನಸ್ಸಿಗೂ ಬಿಚ್ಚು, ಹೊಲಿಗೆಗೂ ಬಿಚ್ಚು.

ಹೊಲಿಗೆಯಲ್ಲೂ ಎರಡು ಜಾತಿ ಇದೆ. ಸಾದಾ ಮಿಷಿನ್ನಿನಲ್ಲಿ ಮೇಲಿನ ದಾರ, ಬಾಬಿನ್ ದಾರ ಎರಡೂ ಬಟ್ಟೆಯ ನಡುವೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಅದನ್ನು ಒಂದೊಂದೇ ಕತ್ತರಿಸಿ ಬಿಚ್ಚಬೇಕು. ಸರಪಳಿ ಹೊಲಿಗೆ ಹಾಗಲ್ಲ. ಸಿರುಗುಪ್ಪದ ಅಕ್ಕಿ ಚೀಲ ಬಿಚ್ಚಿದವರಿಗೆ ಗೊತ್ತು. ಸರಿಯಾದ ತುದಿ ಹಿಡಿದು ಎಳೆದರೆ ಚೀಲದ ಬಾಯಿ ಸರ್ರನೆ ಬಿಚ್ಚಿಕೊಳ್ಳುತ್ತದೆ. ತಪ್ಪು ತುದಿ ಎಳೆದರೆ ಗಂಟಾಗುತ್ತದೆ. ಈಗ ನಮ್ಮಲ್ಲಿ ಹೊಸಬರಿಗೆ ಮೊದಲ ದಿನ ಕಲಿಸುವುದು ಹೊಲಿಯುವುದಲ್ಲ, ಬಿಚ್ಚುವುದು. ಯಾವುದು ಬಿಚ್ಚಲು ಬರುತ್ತದೆ, ಯಾವುದು ಬರುವುದಿಲ್ಲ ಅಂತ ಕೈಗೆ ಗೊತ್ತಾದರೆ, ಪದ ತಪ್ಪಾಗಿ ಕೇಳಿಸಿದರೂ ಕೈ ಒಮ್ಮೆ ನಿಲ್ಲುತ್ತದೆ.

ಲಂಬಾಣಿ ಅಕ್ಕ ಮೊದಮೊದಲು ಏನೂ ಹೇಳುತ್ತಿರಲಿಲ್ಲ. "ನಮ್ದೇನು ಭಾಷೆ ಅಕ್ಕಾ, ಬರೆಯೋಕೆ ಅಕ್ಷರಾನೇ ಇಲ್ಲ" ಅನ್ನುತ್ತಿದ್ದರು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ಅದರ ಹಿಂದಿರುವುದು ಇವರಂಥವರ ಬೆರಳು. ನಾನು ಒಂದು ಗೇಣು ಕೆಂಪು ಬಟ್ಟೆ, ಐದು ಬಣ್ಣದ ದಾರ ಕೊಟ್ಟು ಸುಮ್ನೆ ಇದ್ದೆ. ನಾಲ್ಕು ದಿನದ ಮೇಲೆ ಬಟ್ಟೆ ತುಂಬಿಸಿಕೊಂಡು ಬಂದರು. ಬೆರಳಿಟ್ಟು ಒಂದೊಂದೇ ಹೆಸರು ಹೇಳಿದರು. ಮಾಕಿ, ರೇಲೊ, ಬಕ್ಯಾ, ಸೂರ್ಯಕಾಂತಿ ಮಾಕಿ, ಕೌದಿ. ಬಕ್ಯಾ ಅಂದ ಕೂಡಲೇ ಚಾಚಾ ತಲೆ ಎತ್ತಿದರು. ಅವರು ಹಿಂದೆ ತಿರುಗಿಸಿ ಹಾಕುವ ಗಟ್ಟಿ ಹೊಲಿಗೆಗೆ ಬಖಿಯಾ ಅನ್ನುತ್ತಾರೆ. ಸೂರ್ಯಕಾಂತಿ, ಕೌದಿ ನಮ್ಮವೇ. ಆ ಬಟ್ಟೆಯನ್ನು ಲೆಡ್ಜರಿನಲ್ಲಿ ಅಂಟಿಸಲು ಮನಸ್ಸು ಬರಲಿಲ್ಲ. ಅದನ್ನು ರಟ್ಟಿನ ಮೇಲೆ ಹೊಲಿದು ಪುಸ್ತಕಕ್ಕೆ ಹೊದಿಕೆ ಮಾಡಿದೆ.

ಕೌದಿಯ ಪುಟಕ್ಕೆ ನಮ್ಮ ಅವ್ವನ ಕೌದಿಯಿಂದ ಒಂದು ಮೂಲೆ ಕತ್ತರಿಸಿದೆ. ಕತ್ತರಿ ಇಡುವಾಗ ಕೈ ನಡುಗಿತು. ಹಳೇ ಸೀರೆ, ಧೋತ್ರ, ನಮ್ಮ ಲಂಗ, ಎಲ್ಲ ಪದರ ಪದರವಾಗಿ ಹಾಸಿ ಸಾಲು ಸಾಲಾಗಿ ಹೊಲಿದದ್ದು. ಹೊಲಿಗೆಗಳಲ್ಲಿ ಅತಿ ಸರಳವಾದದ್ದು ಅದೇ. ಸೂಜಿ ಇಳಿಯಿತು, ಎದ್ದಿತು, ಮುಂದೆ ಹೋಯಿತು. ತೆಲುಗಿನಲ್ಲಿ ಅದು ಬೊಂತ. ಮರಾಠಿಯಲ್ಲಿ ಗೋಧಡಿ. ಹಿಂದಿಯಲ್ಲಿ ಗುದಡಿ. ಬಂಗಾಳದ ಕಾಂಥಾ, ನಮ್ಮ ಜೋಗಿಗಳು ಹೊದೆಯುತ್ತಿದ್ದ ಕಂಥೆ ಎರಡೂ ಒಂದೇ ಪದ. ಇಷ್ಟು ಭಾಷೆಗೆ ಇಷ್ಟು ಹೆಸರು. ಮಾಡುವ ರೀತಿ ಮಾತ್ರ ಎಲ್ಲ ಕಡೆ ಹೆಂಗಸರ ಕೈಯಲ್ಲಿ ಒಂದೇ.

ನೀವೂ ಹೀಗೆ ಪದ ಕೂಡಿಸುವುದಾದರೆ ಎರಡು ಮಾತು. ಅವಸರ ಮಾಡಬೇಡಿ. ತಿಂಗಳಿಗೆ ಹತ್ತು ಪದ ಬಂದರೂ ಸಾಕು, ಆದರೆ ಪ್ರತಿ ಪದವೂ ಯಾರದೋ ಕೈಯಿಂದ ಬಂದಿರಬೇಕು. ಇನ್ನೊಂದು, ಒಂದು ಭಾಷೆಯ ಪದಕ್ಕೆ ಇನ್ನೊಂದು ಭಾಷೆಯಲ್ಲಿ ಸಮನಾದ ಪದ ಇದ್ದೇ ಇರುತ್ತದೆ ಅಂತ ಹಟ ಹಿಡಿಯಬೇಡಿ. ನಮ್ಮ ಪುಸ್ತಕದಲ್ಲಿ ಖಾಲಿ ಮನೆಗಳು ಬಹಳ ಇವೆ. ಹರಿದ ಕಡೆ ದಾರದಿಂದ ನೇಯ್ದು ಮುಚ್ಚುವ ರಫೂಗೆ ಕನ್ನಡದ ಮನೆ ಖಾಲಿ, ಯಾಕೆಂದರೆ ನಾವೂ ರಫೂ ಅಂತಲೇ ಅನ್ನುತ್ತೇವೆ. ನಮ್ಮ ಹಚ್ಚು ಅನ್ನುವುದಕ್ಕೆ ತೆಲುಗು, ಉರ್ದು ಮನೆಗಳು ಖಾಲಿ. ಗುಂಡಿ ಹಚ್ಚು, ತೇಪೆ ಹಚ್ಚು, ಎಣ್ಣೆ ಹಚ್ಚು, ದೀಪ ಹಚ್ಚು. ಮರಾಠಿಯ ಲಾವಣೆ ಮಾತ್ರ ನಾಲ್ಕಕ್ಕೂ ಹೊಂದುತ್ತದೆ, ಆ ಎರಡು ಭಾಷೆಯವರಿಗೆ ಸರಿಯಾದ ಜೋಡಿ ಸಿಗಲಿಲ್ಲ. ಈಗ ಎಲ್ಲರೂ ಹಚ್ಚು ಅಂತಲೇ ಅನ್ನುತ್ತಾರೆ.

ಬಿಹಾರದ ಹುಡುಗ ನಮ್ಮಲ್ಲೇ ಇದ್ದಾನೆ. ಈಗ ಓವರ್‌ಲಾಕ್ ಮೇಲೆ ಅವನದೇ ಕೈ. ನಾನು ಜೋಡಿಸು ಅಂದರೆ "ಸಾಲಾಗಿ ಇಡೋದಾ ಅಕ್ಕಾ, ಹೊಲಿಯೋದಾ?" ಅಂತ ಕೇಳುತ್ತಾನೆ. ಕಳೆದ ಭಾನುವಾರ ಫೋನಿನಲ್ಲಿ ಅವನ ಅಮ್ಮನನ್ನು ತೋರಿಸಿದ. ಆ ತಾಯಿ ಮಡಿಲಲ್ಲಿದ್ದ ಹೊದಿಕೆಯನ್ನು ಎತ್ತಿ ಹಿಡಿದರು. ಹಳೇ ಸೀರೆ, ಸಾಲು ಸಾಲು ಸಣ್ಣ ಹೊಲಿಗೆ. ಅದಕ್ಕೆ ಅವರು ಸುಜನಿ ಅನ್ನುತ್ತಾರಂತೆ. ಪದ ಬರೆದುಕೊಂಡೆ. ತುಂಡು ಇನ್ನೂ ಬಂದಿಲ್ಲ. ಛಠ್ ಹಬ್ಬಕ್ಕೆ ಊರಿಗೆ ಹೋದಾಗ ತರುತ್ತೇನೆ ಅಂದಿದ್ದಾನೆ. ಅವ್ವನ ಕೌದಿಯ ಪಕ್ಕ ಅಂಗೈಯಗಲ ಜಾಗ ಬಿಟ್ಟಿದ್ದೇನೆ.